ನವರಾತ್ರಿಯ ಮೈಸೂರಿನಲ್ಲಿ ಮನೆಮಂದಿಯೊಂದಿಗೆ ಒಂದು ದಿನ: ಬೀದಿಯ ವಾದ್ಯಕ್ಕೆ ಹೊತ್ತು ಇಟ್ಟುಕೊಳ್ಳುವ ಬಗೆ

ದಸರಾ ನೋಡಲು ಮೈಸೂರಿಗೆ ಬರುವ ಕುಟುಂಬಗಳು ಊರು ಬಿಡುವ ಮೊದಲೇ ಒಂದು ದೊಡ್ಡ ಪಟ್ಟಿ ಮಾಡಿಕೊಂಡಿರುತ್ತವೆ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಮೃಗಾಲಯ, ಮಧ್ಯಾಹ್ನ ಅರಮನೆ, ಇಳಿಹೊತ್ತಿಗೆ ಕೃಷ್ಣರಾಜಸಾಗರ, ಕತ್ತಲಾದ ಮೇಲೆ ದೀಪಾಲಂಕಾರ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದಿದ್ದ ನೆಂಟರನ್ನು ನಾನು ಇದೇ ಪಟ್ಟಿಯಂತೆ ಊರೆಲ್ಲ ಸುತ್ತಿಸಿದ್ದೆ. ಸಂಜೆ ಚಿಕ್ಕಗಡಿಯಾರ ಗೋಪುರದ ಬಳಿ, ಕಂಚಿನ ತಾಳ ಬಡಿಯುತ್ತ ಕುಣಿಯುವ ಕಂಸಾಳೆಯವರು ಕುಣಿತ ಆರಂಭಿಸುವ ಹೊತ್ತಿಗೆ ಮಕ್ಕಳಿಬ್ಬರೂ ಹೆಗಲ ಮೇಲೆ ನಿದ್ದೆ ಹೋಗಿದ್ದರು, ಕಾಲು ಊದಿಸಿಕೊಂಡ ಅತ್ತೆಯವರು ಆಟೊದಿಂದ ಇಳಿಯಲೇ ಇಲ್ಲ. ಹತ್ತು ಹೆಜ್ಜೆ ದೂರದಲ್ಲಿ ನಡೆಯುತ್ತಿದ್ದ ಕುಣಿತವನ್ನು ನೋಡದೆ ಮನೆಗೆ ಮರಳಿದ ಆ ಸಂಜೆ ನನಗೆ ಇಂದಿಗೂ ನೋವು ಕೊಡುತ್ತದೆ. ಅಂದಿನಿಂದ ನಾನು ದಿನದ ಲೆಕ್ಕವನ್ನು ತಿರುಗಿಸಿ ಹಾಕುತ್ತೇನೆ. ಸಂಜೆಯ ವಾದ್ಯಕ್ಕೆ ಬೇಕಾದ ಹೊತ್ತನ್ನೂ ಕಾಲಿನ ಕಸುವನ್ನೂ ಮೊದಲು ಎತ್ತಿಟ್ಟು, ಉಳಿದುದರಲ್ಲಿ ಎಷ್ಟು ಜಾಗ ಹಿಡಿಸುತ್ತದೆಯೋ ಅಷ್ಟನ್ನೇ ನೋಡುತ್ತೇನೆ. ಕೆಳಗಿನ ಮಾತುಗಳೆಲ್ಲ ಈ ಲೆಕ್ಕಕ್ಕೆ ಹೊಂದಿಕೊಂಡವು.

ದಿನದ ಆಯ್ಕೆ

ಆಶ್ವಯುಜ ಶುದ್ಧ ಪಾಡ್ಯದಿಂದ ವಿಜಯದಶಮಿಯವರೆಗಿನ ದಿನಗಳಲ್ಲಿ ಚಿಕ್ಕ ಮಕ್ಕಳು ಮತ್ತು ವಯಸ್ಸಾದವರು ಇರುವ ಕುಟುಂಬಕ್ಕೆ ಎರಡನೆಯ ದಿನದಿಂದ ಏಳನೆಯ ದಿನದವರೆಗಿನ ಯಾವುದೇ ದಿನ ಒಳ್ಳೆಯದು. ಮೊದಲ ದಿನ ಅರಮನೆಯಲ್ಲಿ ರಾಜಮನೆತನದ ಖಾಸಗಿ ದರ್ಬಾರಿನ ವಿಧಿಗಳಿರುವುದರಿಂದ ಸಾರ್ವಜನಿಕರ ಪ್ರವೇಶಕ್ಕೆ ನಿರ್ಬಂಧವಿರುತ್ತದೆ. ಆಯುಧಪೂಜೆ ಮತ್ತು ವಿಜಯದಶಮಿಯಂದೂ ಹಾಗೆಯೇ. ಜಂಬೂಸವಾರಿಯ ದಿನವೇ ಬರಬೇಕೆಂಬ ಆಸೆ ಸಹಜವಾದದ್ದು. ನಾಡಿನ ನಾನಾ ಜಿಲ್ಲೆಗಳ ಕಲಾತಂಡಗಳು ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು 5 ಕಿಲೋಮೀಟರ್ ದೂರ, ಒಂದರ ಹಿಂದೆ ಒಂದರಂತೆ ನುಡಿಸುತ್ತ ಕುಣಿಯುತ್ತ ಸಾಗುವ ದಿನ ಅದೊಂದೇ. ಆದರೆ ಅಂದು ಬೀದಿಯ ಬದಿಯಲ್ಲಿ ಜಾಗ ಹಿಡಿದವರು ಗಂಟೆಗಟ್ಟಲೆ ಬಿಸಿಲಿನಲ್ಲಿ ಕದಲದೆ ಕೂರಬೇಕು. ಎದ್ದರೆ ಜಾಗ ಹೋಯಿತು. ಎಂಟು ವರ್ಷದೊಳಗಿನ ಮಕ್ಕಳಿಗೂ ಮಂಡಿನೋವಿನ ಅಜ್ಜ ಅಜ್ಜಿಯರಿಗೂ ಅದು ಸಲ್ಲದು. ಅವರಿಗೆ ಬೇರೆ ದಿನಗಳ ಸಂಜೆಯಲ್ಲಿ ಅದೇ ವಾದ್ಯಗಳು ಇನ್ನೂ ಹತ್ತಿರದಿಂದ ಸಿಗುತ್ತವೆ.

ನವರಾತ್ರಿಯ ಉದ್ದಕ್ಕೂ ಅರಮನೆಯ ಮುಂಭಾಗದ ವೇದಿಕೆಯ ಜೊತೆಗೆ ಜಗನ್ಮೋಹನ ಅರಮನೆ, ಕಲಾಮಂದಿರ, ಪುರಭವನ, ಚಿಕ್ಕಗಡಿಯಾರ ಮುಂತಾದ ಕಡೆಗಳಲ್ಲಿ ಸಂಜೆ ಕಾರ್ಯಕ್ರಮಗಳು ನಡೆಯುತ್ತವೆ. ಯಾವ ದಿನ ಎಲ್ಲಿ ಯಾರು ಎಂಬ ಪಟ್ಟಿಯನ್ನು ದಸರಾ ಸಮಿತಿ ಪ್ರಕಟಿಸುತ್ತದೆ, ಸ್ಥಳೀಯ ದಿನಪತ್ರಿಕೆಗಳಲ್ಲಿಯೂ ಬೆಳಿಗ್ಗೆಯೇ ಅಚ್ಚಾಗುತ್ತದೆ. ಹೆಸರಾಂತ ಗಾಯಕರು ಹಾಡುವ ಸಂಜೆ ಅರಮನೆಯ ಅಂಗಳ ಕಿಕ್ಕಿರಿದಿರುತ್ತದೆ. ಕುಟುಂಬದೊಂದಿಗೆ ಬರುವವರು ಆ ಸಂಜೆಯನ್ನು ಬಿಟ್ಟು, ಚಿಕ್ಕಗಡಿಯಾರದಂತಹ ಬಯಲು ವೇದಿಕೆಯಲ್ಲಿ ಜಾನಪದ ತಂಡಗಳಿರುವ ಸಂಜೆಯನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತವಾದ ಸಲಹೆ.

ಬೆಳಿಗ್ಗೆ: ಆನೆಗಳ ತಾಲೀಮು

ಬೆಂಗಳೂರಿನಿಂದ ಮೈಸೂರು ಸುಮಾರು 140 ಕಿಲೋಮೀಟರ್ ದೂರದಲ್ಲಿದೆಯಾದರೂ ಹಿಂದಿನ ರಾತ್ರಿಯೇ ಬಂದು ತಂಗುವುದು ಲೇಸು. ಹಾಗೆ ಬಂದರೆ ಬೆಳಗಿನ ತಾಲೀಮು ಸಿಗುವ ಸಾಧ್ಯತೆಯಿದೆ. ಜಂಬೂಸವಾರಿಗೆ ಕಾಡಿನ ಶಿಬಿರಗಳಿಂದ ಬಂದ ಆನೆಗಳನ್ನು ವಾರಗಟ್ಟಲೆ ಮೊದಲಿನಿಂದ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸಿ ಅಭ್ಯಾಸ ಮಾಡಿಸುತ್ತಾರೆ. ಅವು ಹೊರಡುವುದು ಸಾಮಾನ್ಯವಾಗಿ ಬೆಳಿಗ್ಗೆ ಏಳೂವರೆಯ ಆಸುಪಾಸಿನಲ್ಲಿ, ಆದರೆ ಹೊತ್ತು ದಿನದಿಂದ ದಿನಕ್ಕೆ ಬದಲಾಗುವುದರಿಂದ ಹಿಂದಿನ ದಿನ ಅರಮನೆಯ ಬಾಗಿಲ ಕಾವಲಿನವರನ್ನು ವಿಚಾರಿಸಿಡಿ. ಚಾಮರಾಜ ವೃತ್ತದಿಂದ ಸಯ್ಯಾಜಿರಾವ್ ರಸ್ತೆಯವರೆಗಿನ ಕಾಲುದಾರಿಯಲ್ಲಿ ಎಲ್ಲಿ ನಿಂತರೂ ಕಾಣುತ್ತದೆ, ಟಿಕೆಟ್ ಬೇಕಿಲ್ಲ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರುವ ಆನೆಗೆ ಮೊದಲು ಮರಳಿನ ಮೂಟೆಗಳನ್ನೂ ಆಮೇಲೆ ಮರದ ಅಂಬಾರಿಯನ್ನೂ ಹೊರಿಸಿ ಭಾರ ರೂಢಿಸುತ್ತಾರೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿದ್ದರೆ ಅವರು ಬೆನ್ನಿನ ಮೇಲಿರುವುದು ಮೂಟೆಯೋ ಅಂಬಾರಿಯೋ ಎಂದು ತಾವೇ ಹುಡುಕುತ್ತಾರೆ. ಪಟಾಕಿ, ಶಿಳ್ಳೆ, ಫ್ಲ್ಯಾಶ್ ಹಾಕಿದ ಫೋಟೊ ಖಂಡಿತ ಬೇಡ.

ಆನೆಗಳು ಹಾದುಹೋದ ಮೇಲೆ ನಜರ್‌ಬಾದಿನ ಮೈಲಾರಿ ದೋಸೆಗೆ ಹೋಗಬಹುದು, ಇಲ್ಲವೇ ಹತ್ತಿರದ ಯಾವುದಾದರೂ ದರ್ಶಿನಿಯಲ್ಲಿ ಇಡ್ಲಿ ತಿನ್ನಬಹುದು. ಹಬ್ಬದ ದಿನಗಳಲ್ಲಿ ಹೆಸರಾದ ಹೋಟೆಲುಗಳ ಮುಂದೆ ಮುಕ್ಕಾಲು ಗಂಟೆ ಕಾಯುವುದು ಮಾಮೂಲು. ಹಸಿದ ಮಕ್ಕಳಿದ್ದರೆ ಇಡ್ಲಿಯೇ ಸರಿ.

ತಿಂಡಿಯ ನಂತರ ಅರಮನೆ ತೆರೆಯುವವರೆಗೆ ಉಳಿಯುವ ಹೊತ್ತಿಗೆ ದೇವರಾಜ ಮಾರುಕಟ್ಟೆಯಷ್ಟು ಚೆನ್ನಾದ ಜಾಗ ಬೇರೆ ಇಲ್ಲ. ಮಾರುಗಳ ಲೆಕ್ಕದಲ್ಲಿ ಹೂವು ಅಳೆಯುವವರ ಕೂಗು, ಬಣ್ಣದ ಕುಂಕುಮದ ಗುಡ್ಡೆಗಳು, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡಿನ ರಸಬಾಳೆ ಇವೆಲ್ಲ ಒಂದೇ ಸೂರಿನಡಿ ಸಿಗುತ್ತವೆ. ಇಲ್ಲಿಂದ ಒಂದು ಮೊಳ ಹೂವನ್ನು ಕೊಂಡು ಎಲೆಯಲ್ಲಿ ಕಟ್ಟಿಸಿ ಚೀಲದಲ್ಲಿಟ್ಟುಕೊಳ್ಳಿ. ಅದರ ಕೆಲಸ ಸಂಜೆಗೆ ಬರುತ್ತದೆ.

ಹಗಲು: ಎರಡೇ ಜಾಗ

ಅಂಬಾವಿಲಾಸ ಅರಮನೆ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ಆ ಮೊದಲ ಗಂಟೆಯಲ್ಲಿಯೇ ಒಳಹೋದರೆ ನೂಕುನುಗ್ಗಲು ಕಡಿಮೆ. ಪಾದರಕ್ಷೆಯನ್ನು ಹೊರಗೆ ಬಿಡಬೇಕಾದ್ದರಿಂದ ಸುಲಭವಾಗಿ ಕಳಚುವ ಚಪ್ಪಲಿಯನ್ನೇ ಎಲ್ಲರೂ ಹಾಕಿಕೊಂಡು ಬರಬೇಕು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಈ ಕಥೆಯನ್ನು ಮಕ್ಕಳಿಗೆ ಒಳಗೆ ಹೋಗುವ ಮೊದಲೇ ಹೇಳಿ, ಏಕೆಂದರೆ ಒಳಗೆ ಗದ್ದಲದಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.

ಒಳಗೆ ಎಲ್ಲವನ್ನೂ ಸಮನಾಗಿ ನೋಡಲು ಹೋಗಬೇಡಿ. ಕಲ್ಯಾಣ ಮಂಟಪದಲ್ಲಿ ಹೆಚ್ಚು ಹೊತ್ತು ನಿಲ್ಲಿ. ತಲೆಯ ಮೇಲೆ ಗ್ಲಾಸ್ಗೋದಿಂದ ತರಿಸಿದ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಗುಮ್ಮಟವಿದೆ. ಜನರೆಲ್ಲ ಅದನ್ನೇ ನೋಡುತ್ತ ನಡೆಯುತ್ತಾರೆ. ಸುತ್ತಲಿನ ಗೋಡೆಗಳ ಮೇಲೆ ಅರಸರ ಕಾಲದ ದಸರಾ ಮೆರವಣಿಗೆಯ ದೊಡ್ಡ ವರ್ಣಚಿತ್ರಗಳಿವೆ. ಸಂಜೆ ವಾದ್ಯ ಕೇಳಲಿರುವ ಮಕ್ಕಳಿಗೆ ಬೇಕಾದದ್ದು ಅವು. ಮೆರವಣಿಗೆಯಲ್ಲಿ ಸಾಗುವ ವಾದ್ಯದವರನ್ನು ಹುಡುಕಿ, ಯಾರು ಏನು ಹಿಡಿದಿದ್ದಾರೆಂದು ಎಣಿಸಲು ಅವರಿಗೆ ಹೇಳಿ. ಹೀಗೆ ಎಣಿಸಿದ ಮಗು ಸಂಜೆ ನಿಜವಾದ ವಾದ್ಯ ಕಂಡಾಗ ಅದನ್ನು ಬೇಗ ಗುರುತಿಸುತ್ತದೆ.

ಅಲ್ಲಿಂದ ಜಗನ್ಮೋಹನ ಅರಮನೆಗೆ ಆಟೊದಲ್ಲಿ ಐದು ನಿಮಿಷ. ಹಬ್ಬದ ದಿನಗಳಲ್ಲಿ ಟಾಂಗಾ ಸಿಕ್ಕಿದರೆ ಮಕ್ಕಳಿಗೆ ಅದೇ ಖುಷಿ. ಮೈಸೂರಿನವರು ಶಾ ಪಸಂದ್ ಎಂದು ಕರೆಯುವ ಆ ಕುದುರೆಗಾಡಿ ಈಗ ಕೆಲವೇ ಕೆಲವು ಉಳಿದಿವೆ. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. 1861ರಲ್ಲಿ ಕಟ್ಟಿದ ಜಗನ್ಮೋಹನದಲ್ಲಿ ಈಗ ಚಿತ್ರಕಲೆಯ ಸಂಗ್ರಹಾಲಯವಿದೆ. ಹಲ್ದಣ್‌ಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ನೋಡಲೆಂದೇ ಜನ ಬರುತ್ತಾರೆ. ನಮಗೆ ಬೇಕಾದ ಹಳೆಯ ವಾದ್ಯಗಳ ಸಂಗ್ರಹವೂ ಇಲ್ಲೇ ಇದೆ. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮುಚ್ಚಿದ್ದರೆ ಚಾಮುಂಡಿ ಬೆಟ್ಟದ ದಾರಿಯ ಕಡೆಗಿರುವ ಮೆಲೊಡಿ ವರ್ಲ್ಡ್ ಮೇಣದ ಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿ 300ಕ್ಕೂ ಹೆಚ್ಚು ವಾದ್ಯಗಳಿವೆ, ಜೊತೆಗೆ ಅವುಗಳನ್ನು ನುಡಿಸುವ ಭಂಗಿಯ ಮೇಣದ ಪ್ರತಿಮೆಗಳಿವೆ.

ಮೃಗಾಲಯವನ್ನು ಈ ದಿನಕ್ಕೆ ಸೇರಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. 1892ರಲ್ಲಿ ಆರಂಭವಾದ ಆ ಮೃಗಾಲಯ 157 ಎಕರೆಯಷ್ಟಿದೆ, ನಡೆದು ಮುಗಿಸಲು ಮೂರು ಗಂಟೆ ಬೇಕು, ಮುಗಿಸಿದ ಮೇಲೆ ಯಾರ ಕಾಲಲ್ಲೂ ಬಲ ಉಳಿಯುವುದಿಲ್ಲ. ಚಾಮುಂಡಿ ಬೆಟ್ಟದಲ್ಲಿಯೂ ನವರಾತ್ರಿಯಲ್ಲಿ ದರ್ಶನದ ಸಾಲು ಬಹಳ ಉದ್ದ. ತಾಯಿಯ ದರ್ಶನವಾಗದೆ ಊರಿಗೆ ಮರಳಲಾರೆವು ಎನ್ನುವ ಹಿರಿಯರಿದ್ದರೆ ಅದಕ್ಕಾಗಿ ಮರುದಿನ ಬೆಳಗಿನ ಜಾವವನ್ನು ಇಟ್ಟುಕೊಳ್ಳಿ. ಮಧ್ಯಾಹ್ನ ಊಟವಾದ ಮೇಲೆ ಒಂದೂವರೆ ಗಂಟೆ ಎಲ್ಲರೂ ಕೋಣೆಯಲ್ಲಿ ಕಾಲು ಚಾಚಿ ಮಲಗಬೇಕು. ಇಡೀ ಸಂಜೆ ಈ ನಿದ್ದೆಯ ಮೇಲೆ ನಿಂತಿದೆ.

ಸಂಜೆ: ವಾದ್ಯದವರ ಹತ್ತಿರ

ಕಾರ್ಯಕ್ರಮ ಐದೂವರೆಗೆ ಎಂದಿದ್ದರೆ ನೀವು ನಾಲ್ಕೂವರೆಗೇ ಅಲ್ಲಿರಬೇಕು. ಜಾಗ ಹಿಡಿಯುವುದಕ್ಕೆ ಅಷ್ಟು ಬೇಗ ಹೋಗಬೇಕಿಲ್ಲ, ತಂಡದವರು ಸಜ್ಜಾಗುವುದನ್ನು ನೋಡುವುದಕ್ಕೆ ಹೋಗಬೇಕು. ವೇದಿಕೆಯ ಹಿಂದೆ, ಪಕ್ಕದ ಓಣಿಯಲ್ಲಿ, ಬಂದಿಳಿದ ವ್ಯಾನಿನ ನೆರಳಿನಲ್ಲಿ ಅವರು ಗೆಜ್ಜೆ ಕಟ್ಟುತ್ತಿರುತ್ತಾರೆ, ಮುಖಕ್ಕೆ ಬಣ್ಣ ಹಚ್ಚುತ್ತಿರುತ್ತಾರೆ, ವಾದ್ಯಗಳನ್ನು ಹದ ಮಾಡುತ್ತಿರುತ್ತಾರೆ. ಹೋದ ವರ್ಷ ನನ್ನ ತಂಗಿಯ ಮಗಳು ಆರು ವರ್ಷದ ಹುಡುಗಿ, ಅಲ್ಲಿ ಒಬ್ಬ ಹಿರಿಯರು ಹಳೆಯ ಪತ್ರಿಕೆಗಳನ್ನೂ ಒಣಹುಲ್ಲನ್ನೂ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದನ್ನು ಕಂಡು ಹೆದರಿ ನನ್ನ ಸೆರಗು ಹಿಡಿದಳು. ಅವರು ತಮಟೆಯ ಚರ್ಮದ ಮುಖವನ್ನು ಉರಿಗೆ ಹಿಡಿದು ಮೆಲ್ಲನೆ ತಿರುಗಿಸುತ್ತ, ಆಗಾಗ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಮೊದಲು ದಪ್ಪ ದಪ್ಪನೆ ಬರುತ್ತಿದ್ದ ಸದ್ದು ಕಾವು ಏರಿದಂತೆ ಬಿಗಿಯಾಗಿ, ಕೊನೆಗೆ ಗಾಜಿನಂತೆ ಠಣ್ಣೆಂದಿತು. "ಕಾವು ಕೊಡ್ದಿದ್ರೆ ಇದು ಮಾತಾಡಕಿಲ್ಲ ಕಣವ್ವ" ಎಂದು ಅವರು ಹುಡುಗಿಗೆ ಹೇಳಿ, ಬಿಸಿಯಾದ ಚರ್ಮದ ಅಂಚನ್ನು ಮುಟ್ಟಲು ಕೊಟ್ಟರು. ಬಲಗೈಗೆ ಗಿಡ್ಡನೆಯ ದಪ್ಪ ಕೋಲು, ಎಡಗೈಗೆ ಉದ್ದನೆಯ ತೆಳು ಕಡ್ಡಿ. ಒಂದು ಹೊಡೆತ ಕೊಡುತ್ತದೆ, ಇನ್ನೊಂದು ಅದರ ನಡುವಿನ ಬಿರುಸನ್ನು ತುಂಬುತ್ತದೆ. ಆ ಹುಡುಗಿ ಅರಮನೆಯ ಸಿಂಹಾಸನವನ್ನು ಮರೆತಿದ್ದಾಳೆ, ತಮಟೆಯ ಬಿಸಿಯನ್ನು ಮರೆತಿಲ್ಲ.

ಮೈಸೂರು ಸೀಮೆಯಲ್ಲಿ ತಪ್ಪದೆ ಕೇಳಬೇಕಾದದ್ದು ಕಂಸಾಳೆ. ಮಲೆ ಮಹದೇಶ್ವರನ ಒಕ್ಕಲಾದ ದೇವರಗುಡ್ಡರು ಕಾಪಾಡಿಕೊಂಡು ಬಂದ ಕಲೆ ಇದು. ಎಡಗೈಯಲ್ಲಿ ಬಟ್ಟಲಿನಂತಹ ಕಂಚಿನ ತಾಳ, ಬಲಗೈಯಲ್ಲಿ ದಾರ ಮತ್ತು ಗೊಂಡೆ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಬಲಗೈಯ ತಾಳವನ್ನು ತಲೆಯ ಹಿಂದೆ, ಬೆನ್ನ ಮೇಲೆ, ಮಂಡಿಯ ಕೆಳಗೆ ಬೀಸಿ, ಪಕ್ಕದವರ ಬಟ್ಟಲಿಗೂ ತಾಗಿಸಿ ಮರಳಿ ತಂದು ತಾಳಕ್ಕೆ ಸರಿಯಾಗಿ ಬಡಿಯುತ್ತಾರೆ. ಮಕ್ಕಳಿಗೆ ಕೈಯನ್ನು ನೋಡಲು ಹೇಳಿ, ದೊಡ್ಡವರು ಸಾಹಿತ್ಯ ಕೇಳಲಿ. ಮಂಟೇಸ್ವಾಮಿ ಪರಂಪರೆಯ ನೀಲಗಾರರ ತಂಬೂರಿ ಪದವಿದ್ದರೆ ಮುಂದಿನ ಸಾಲಿನಲ್ಲಿಯೇ ಕೂರಿ, ಏಕೆಂದರೆ ಅದು ಕಥೆ ಹೇಳುವ ಹಾಡು, ದೂರದಿಂದ ಮಾತು ತಿಳಿಯದು. ಡೊಳ್ಳು ಕುಣಿತಕ್ಕೆ ಮಾತ್ರ ಇದರ ತದ್ವಿರುದ್ಧ: ಹತ್ತಾರು ಡೊಳ್ಳುಗಳು ಒಟ್ಟಿಗೆ ಎದ್ದಾಗ ಎದೆಯೊಳಗೇ ಬಡಿದಂತಾಗುತ್ತದೆ. ಎರಡು ವರ್ಷದೊಳಗಿನ ಕೂಸುಗಳನ್ನು ಸಾಕಷ್ಟು ದೂರದಲ್ಲಿ, ಗಾಳಿಯಾಡುವ ಕಡೆ ಎತ್ತಿಕೊಂಡಿರಬೇಕು. ಗೊರವರ ಕುಣಿತದಲ್ಲಿ ಕರಡಿಯ ಕೂದಲಿನ ಟೋಪಿ, ಡಮರುಗ, ಕೊಳಲು ಇರುತ್ತವೆ. ಮೈಲಾರಲಿಂಗನ ಭಕ್ತರಾದ ಗೊರವರು ಮಕ್ಕಳ ಕಡೆ ನೋಡಿ ಕಣ್ಣರಳಿಸುವುದುಂಟು, ಪುಕ್ಕಲು ಮಕ್ಕಳಿಗೆ ಮೊದಲೇ ತಿಳಿಸಿರಿ.

ವೇದಿಕೆಯ ಕಲಾವಿದರಲ್ಲದೆ ನವರಾತ್ರಿಯ ಬೀದಿಯಲ್ಲಿ ತಾವಾಗಿಯೇ ಬಂದು ನುಡಿಸುವವರಿದ್ದಾರೆ. ಓಲಗ ಊದುತ್ತ ಸಿಂಗರಿಸಿದ ಎತ್ತನ್ನು ನಡೆಸಿಕೊಂಡು ಬರುವ ಕೋಲೆ ಬಸವನವರು, ಶಂಖ ಜಾಗಟೆಯ ದಾಸಯ್ಯನವರು, ಒಬ್ಬಂಟಿಯಾಗಿ ಕೊಳಲು ಮಾರುತ್ತ ನುಡಿಸುವವರು. ಇವರ ಸಂಪಾದನೆ ನಿಂತು ಕೇಳುವವರ ಕೈಯಲ್ಲಿದೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಬೆಳಿಗ್ಗೆಯೇ ಚಿಲ್ಲರೆ ಮಾಡಿಸಿ ಮಕ್ಕಳ ಜೇಬಿನಲ್ಲಿಡಿ. ಹಣವನ್ನು ಎಸೆಯಬಾರದು, ನುಡಿಸುತ್ತಿರುವಾಗ ಮಧ್ಯೆ ತುರುಕಬಾರದು. ಒಂದು ಪದವೋ ಒಂದು ವರಸೆಯೋ ಮುಗಿದ ಮೇಲೆ ಮಗುವೇ ಹೋಗಿ ಎರಡೂ ಕೈಯಿಂದ ಕೊಡಬೇಕು. ಫೋಟೊ ತೆಗೆಯುವ ಮೊದಲು ಕೇಳಬೇಕು. ಫೋನಿನಲ್ಲಿ ಚಿತ್ರೀಕರಿಸುವುದಾದರೆ ಒಂದು ನಿಮಿಷ ಸಾಕು, ಆಮೇಲೆ ಅದನ್ನು ಚೀಲಕ್ಕೆ ಹಾಕಿ. ಯಾವ ಊರಿನವರು, ಯಾರಿಂದ ಕಲಿತದ್ದು ಎಂದು ಕುಣಿತ ಮುಗಿದ ಮೇಲೆ ವಿಚಾರಿಸಿದರೆ ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ಬೆಳಿಗ್ಗೆ ಕೊಂಡ ಹೂವನ್ನು ಆಗ ತೆಗೆಯಿರಿ. ತಂಡದ ಹಿರಿಯರಿಗೆ ಹೂವು ಕೊಟ್ಟು ನಮಸ್ಕರಿಸುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ತಪ್ಪದೆ ಪಾಲಿಸುತ್ತೇವೆ. ಸಂಭಾವನೆಗಿಂತ ಅದಕ್ಕೆ ಅವರ ಮುಖ ಅರಳಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ದೀಪದ ಹೊತ್ತು

ಚಿಕ್ಕಗಡಿಯಾರದಿಂದ ಅರಮನೆಗೆ ನಡೆದು ಹತ್ತು ನಿಮಿಷ. ಸಂಜೆ 7ರ ಸುಮಾರಿಗೆ ಒಂದು ಲಕ್ಷದ ಹತ್ತಿರ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಆ ಒಂದು ಕ್ಷಣ ನೋಡಬೇಕಾದರೆ ಆರೂಮುಕ್ಕಾಲಿಗೇ ಒಳಗಿರಬೇಕು. ಅಂದು ಪೊಲೀಸ್ ಬ್ಯಾಂಡಿನ ಕಾರ್ಯಕ್ರಮವಿದ್ದರೆ ನಿಮ್ಮ ಅದೃಷ್ಟ. ಅರಸರ ಕಾಲದ ಅರಮನೆ ವಾದ್ಯವೃಂದಗಳ ಪರಂಪರೆಯಲ್ಲಿ ಬಂದ ಈ ಬ್ಯಾಂಡಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ತಂಡವೂ ಆಂಗ್ಲ ಸಂಗೀತ ನುಡಿಸುವ ತಂಡವೂ ಬೇರೆ ಬೇರೆ ಇವೆ. ತ್ಯಾಗರಾಜರ ಕೃತಿಯನ್ನು ಸ್ಯಾಕ್ಸೊಫೋನು, ಕ್ಲಾರಿನೆಟ್ಟುಗಳಲ್ಲಿ ಸಮವಸ್ತ್ರದವರು ನುಡಿಸುವುದನ್ನು ಕೇಳಿದ ಅಜ್ಜಂದಿರು ಎದ್ದು ಬರಲು ಒಪ್ಪುವುದಿಲ್ಲ.

ಜನಸಂದಣಿಗೆ ಹೋಗುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಸಡಿಲ ಬಿಡಬಾರದು. ಮನೆಯವರ ಇಬ್ಬರ ಫೋನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪ್ರತಿ ಮಗುವಿನ ಜೇಬಿನಲ್ಲಿಡಿ, ಪೆನ್ನಿನಿಂದ ಮುಂಗೈಯ ಮೇಲೂ ಬರೆಯಿರಿ. ತಪ್ಪಿಸಿಕೊಂಡರೆ ಸೇರುವ ಜಾಗವೆಂದು ಕೆ.ಆರ್. ವೃತ್ತದ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆಯನ್ನು ಹಗಲಿನಲ್ಲಿಯೇ ಮಕ್ಕಳಿಗೆ ತೋರಿಸಿ. ಆದರೆ ರಸ್ತೆ ದಾಟಬೇಡ, ಪೊಲೀಸರ ಬಳಿ ನಿಲ್ಲು ಎಂದು ಚಿಕ್ಕವರಿಗೆ ಬಿಡಿಸಿ ಹೇಳಿ. ನೀರಿನ ಬಾಟಲಿ, ಕೂರಲು ಒಂದು ತೆಳು ಜಮಖಾನ, ಹಿರಿಯರ ಮಾತ್ರೆ, ಅಕ್ಟೋಬರಿನ ಸಂಜೆಯ ಮಳೆಗೆ ಕೊಡೆ ಇಷ್ಟು ಸಾಕು. ಸ್ವಂತ ಕಾರನ್ನು ವಸತಿಯಲ್ಲಿಯೇ ಬಿಡಿ; ಸಂಜೆ ಅರಮನೆಯ ಸುತ್ತಲಿನ ರಸ್ತೆಗಳಲ್ಲಿ ಏಕಮುಖ ಸಂಚಾರ ಮಾಡಿರುತ್ತಾರೆ.

ಇನ್ನೂ ಎಚ್ಚರವಾಗಿರುವ ಮಕ್ಕಳಿದ್ದರೆ ಮಯೂರ ಹೊಯ್ಸಳ ಹೋಟೆಲಿನ ಆವರಣದಿಂದ ಹೊರಡುವ ಅಂಬಾರಿ ಎಂಬ ತೆರೆದ ಮಾಳಿಗೆಯ ಬಸ್ಸಿನಲ್ಲಿ ಬೀದಿಗಳ ದೀಪಾಲಂಕಾರ ನೋಡಬಹುದು. ದಸರಾದಲ್ಲಿ ಮೇಲಂತಸ್ತಿನ ಸೀಟುಗಳು ಬೇಗ ತುಂಬುತ್ತವೆ, ಮುಂಗಡ ಕಾಯ್ದಿರಿಸಿ. ಎಂಟೂವರೆಯ ನಂತರ ಜನ ಒಟ್ಟಿಗೇ ಹೊರಬೀಳುವುದರಿಂದ ಎಂಟು ಕಾಲಿಗೇ ಎದ್ದರೆ ಆಟೊ ಸಿಗುತ್ತದೆ.

ನವರಾತ್ರಿಗೆ ಬರಲಾಗದ ಕುಟುಂಬಗಳು ಬೇರೆ ಎರಡು ದಾರಿ ಹಿಡಿಯಬಹುದು. ವರ್ಷದ ಯಾವುದೇ ಭಾನುವಾರ ಮತ್ತು ಸಾರ್ವಜನಿಕ ರಜೆಯ ಸಂಜೆಯಲ್ಲಿ ಅರಮನೆಯ ದೀಪಗಳು ಸ್ವಲ್ಪ ಹೊತ್ತು ಬೆಳಗುತ್ತವೆ, ಆಗ ಪೊಲೀಸ್ ಬ್ಯಾಂಡ್ ನುಡಿಸುವುದೂ ಉಂಟು. ಗಣೇಶನ ಹಬ್ಬದ ದಿನಗಳಲ್ಲಾದರೆ ವಿ.ವಿ. ಮೊಹಲ್ಲಾದ 8ನೇ ಕ್ರಾಸಿಗೆ ಬನ್ನಿ. 1962ರಿಂದ ನಡೆದುಬಂದಿರುವ ಅಲ್ಲಿಯ ಉತ್ಸವದಲ್ಲಿ ರಸ್ತೆಗೇ ಚಪ್ಪರ ಹಾಕಿ, ನಾಡಿನ ದೊಡ್ಡ ವಿದ್ವಾಂಸರ ಕಚೇರಿಗಳನ್ನು ದಿನಗಟ್ಟಲೆ ನಡೆಸುತ್ತಾರೆ. ಮುಂದಿನ ಸಾಲುಗಳು ರಾಗ ಬಲ್ಲ ಹಿರಿಯರಿಂದ ತುಂಬಿರುತ್ತವೆ. ಮಕ್ಕಳಿರುವವರು ಚಪ್ಪರದ ಅಂಚಿನಲ್ಲಿ ಕುಳಿತರೆ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಮೃದಂಗ ಕಾಣುವಷ್ಟು ಹತ್ತಿರ ಹೋಗಿ ನಿಲ್ಲಬಹುದು.